ಹಳೆಯ ಸೌಂಡ್ ಕಾರ್ಡ್, ಹಿಂಬದಿಯ ಕೋಣೆ, ಏಳೆಂಟು ದೇವರನಾಮ: ನನ್ನ ಅನುಭವ

ಪಿಸಿಐ ಕಾರ್ಡ್, ಅಂದರೆ ಕಂಪ್ಯೂಟರಿನೊಳಗೆ ಚುಚ್ಚುವ ಹಳೆಯ ಮಾದರಿಯ ಸೌಂಡ್ ಕಾರ್ಡ್ ಹಾಕಿಕೊಂಡು ಈ ಕಾಲದಲ್ಲಿ ಯಾರು ಧ್ವನಿಮುದ್ರಣ ಮಾಡುತ್ತಾರೆ ಎಂದು ನಕ್ಕವರೇ ಈಗ ನಮ್ಮ ದೇವರನಾಮಗಳನ್ನು ಕೇಳಿ, ಯಾವ ಸ್ಟುಡಿಯೋ ಎಂದು ವಿಚಾರಿಸುತ್ತಿದ್ದಾರೆ. ಸಾಗರದ ನಮ್ಮ ಮನೆಯ ಹಿಂಬದಿಯ ಕೋಣೆ, ಅಷ್ಟೇ. ಅಕ್ಕ ಹಾಡುತ್ತಾಳೆ, ವೀಣೆ ನನ್ನದು, ಮೃದಂಗ ಭಾವನದು. ಮೂವರಿಗೂ ಒಟ್ಟಿಗೆ ಬಿಡುವು ಸಿಗುವುದಿಲ್ಲವಾದ್ದರಿಂದ ಒಬ್ಬರದನ್ನು ಕೇಳುತ್ತ ಇನ್ನೊಬ್ಬರು ಬೇರೆಯಾಗಿ ಮುದ್ರಿಸಿ, ಒಂದರ ಮೇಲೊಂದು ಟ್ರ್ಯಾಕ್ ಹಾಕದೆ ಗತಿಯಿಲ್ಲ. ನಮ್ಮ ಪಾಡು ಶುರುವಾದದ್ದೂ ಅಲ್ಲಿಂದಲೇ.

ಮೊದಲು ಮದರ್‌ಬೋರ್ಡಿನಲ್ಲೇ ಇದ್ದ ಸೌಂಡ್‌ನಲ್ಲಿ ಮಾಡಿದೆವು. ಮೌಸ್ ಅಲ್ಲಾಡಿಸಿದರೆ ಹೆಡ್‌ಫೋನ್‌ನಲ್ಲಿ ಚಿರ್ ಎನ್ನುತ್ತಿತ್ತು, ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ತಡ. ವೀಣೆ ಕೇಳುತ್ತ ಭಾವ ಸರಿಯಾಗಿಯೇ ನುಡಿಸುತ್ತಿದ್ದರು, ಮತ್ತೆ ಹಾಕಿ ಕೇಳಿದರೆ ಪ್ರತಿ ಘಾತವೂ ಹಿಂದೆ ಬಿದ್ದಿರುತ್ತಿತ್ತು. "ನನಗೇ ಲಯ ಇಲ್ಲ ಅನ್ನುತ್ತೀಯಾ?" ಎಂದು ಅವರು ಮೃದಂಗಕ್ಕೆ ಗವಸು ತೊಡಿಸಿ ಹೊರಟ ಸಂಜೆಯೂ ಉಂಟು.

ಕೊನೆಗೆ ಲೈನ್ ಔಟ್‌ನಿಂದ ಲೈನ್ ಇನ್‌ಗೆ ಒಂದು ಕೇಬಲ್ ಚುಚ್ಚಿ, ಒಂದು ಟಿಕ್ ಶಬ್ದವನ್ನು ಹೊರಗೆ ಕಳಿಸಿ ಒಳಗೆ ಹಿಡಿದು, ಎರಡರ ನಡುವಿನ ಅಂತರ ಅಳೆದೆ. ಕಂಪ್ಯೂಟರ್ ಧ್ವನಿಯನ್ನು ಸೆಕೆಂಡಿಗೆ ಸಾವಿರಾರು ತುಣುಕುಗಳಾಗಿ ಅಳೆಯುತ್ತದೆ, ಒಂದೊಂದು ತುಣುಕೂ ಒಂದು ಸ್ಯಾಂಪಲ್. ತಡ ಒಮ್ಮೆ ಸುಮಾರು 1,200 ಸ್ಯಾಂಪಲ್, ಅಂದರೆ 44.1 ಕಿಲೋಹರ್ಟ್ಸ್‌ನಲ್ಲಿ 27 ಮಿಲಿಸೆಕೆಂಡ್. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದರೆ 1,900ರ ಹತ್ತಿರ. ತಡ ತಗ್ಗಿಸಲು ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ಸ್ಯಾಂಪಲ್‌ಗಳ ಸಂಖ್ಯೆ, ಇಳಿಸಿದರೆ ಚಟಪಟ ಶಬ್ದ. ತಡ ಎಷ್ಟಿದ್ದರೂ ಲೆಕ್ಕ ಹಾಕಿ ಟ್ರ್ಯಾಕನ್ನು ಹಿಂದಕ್ಕೆ ಎಳೆಯಬಹುದು. ಆದರೆ ಅದು ಪ್ರತಿ ಸಲವೂ ಅಷ್ಟೇ ಇರಬೇಕಲ್ಲ! 24 ಬಿಟ್, 96 ಕಿಲೋಹರ್ಟ್ಸ್ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ನೋಡಿ ಕಾರ್ಡ್ ಕೊಳ್ಳುವವರು ಇದನ್ನು ನೋಡುವುದೇ ಇಲ್ಲ.

ಗೆಳೆಯರೆಲ್ಲ ಯುಎಸ್‌ಬಿ ಇಂಟರ್‌ಫೇಸ್, ಅಂದರೆ ಹೊರಗಿನಿಂದ ಜೋಡಿಸುವ ಧ್ವನಿಮುದ್ರಣದ ಪೆಟ್ಟಿಗೆ, ತೆಗೆದುಕೋ ಎಂದರು. ಆಗ ನಾನು ನೋಡಿದವು ಹತ್ತು ಸಾವಿರದ ಮೇಲೆ. ಅಷ್ಟರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಂ-ಆಡಿಯೋ ಆಡಿಯೋಫೈಲ್ 2496 ಕಾರ್ಡ್ ಒಂದು ಸಾವಿರದೈನೂರಕ್ಕೋ ಏನೋ ಸಿಕ್ಕಿತು. ಅದರಲ್ಲಿರುವುದು ಎನ್ವಿ24 ಚಿಪ್. ಲಿನಕ್ಸ್‌ನಲ್ಲಿ ಐಸ್1712 ಡ್ರೈವರ್ ಅದನ್ನು ತಾನಾಗಿಯೇ ಗುರುತಿಸುತ್ತದೆ. ಜ್ಯಾಕ್ (ಧ್ವನಿಯನ್ನು ಕಾರ್ಡಿಗೂ ತಂತ್ರಾಂಶಗಳಿಗೂ ಹಾಯಿಸುವುದು), ಆರ್ಡರ್ (ಟ್ರ್ಯಾಕ್‌ಗಳನ್ನು ಮುದ್ರಿಸುವುದು) ಎಂಬ ಎರಡು ತಂತ್ರಾಂಶಗಳನ್ನೂ ಹಾಕಿ 256ರ ಬಫರ್‌ನಲ್ಲಿ ಅದೇ ಕೇಬಲ್ ಪರೀಕ್ಷೆ ಮಾಡಿದೆ. ತನಗೆ ಗೊತ್ತಿರುವ ಬಫರ್‌ನ ತಡವನ್ನು ತಂತ್ರಾಂಶ ಕಳೆದ ಮೇಲೆ ಉಳಿದದ್ದು ಎಪ್ಪತ್ತು ಸ್ಯಾಂಪಲ್‌ನಷ್ಟು. ಮರುದಿನವೂ ಅಷ್ಟೇ, ಮರುವಾರವೂ ಅಷ್ಟೇ. ಆ ಸಂಖ್ಯೆಯನ್ನು ತಂತ್ರಾಂಶದಲ್ಲಿ ಒಮ್ಮೆ ತುಂಬಿಸಿ ಮರೆತುಬಿಟ್ಟೆ. ಭಾವನವರಿಗೆ ಲಯ ವಾಪಸ್ಸು ಬಂತು.

ಕಾರ್ಡಿನಲ್ಲಿ ಮೈಕಿನ ಕ್ಷೀಣ ಧ್ವನಿಯನ್ನು ಏರಿಸುವ ಪ್ರಿಆಂಪ್ ಇಲ್ಲ, ಧ್ವನಿಗೆ ಇರುವುದು ಆರ್‌ಸಿಎ ತೂತುಗಳು ಮಾತ್ರ. ಹಾಗಾಗಿ ಮೈಕಿಗೆ ಅದರ ಕೇಬಲ್ಲಿನಲ್ಲೇ ವಿದ್ಯುತ್ ಕೊಡುವ ಫ್ಯಾಂಟಮ್ ಪವರ್ ಇರುವ ಚಿಕ್ಕ ಆಡಿಯೋ ಮಿಕ್ಸರ್‌ಗೆ ನಾಲ್ಕು ಸಾವಿರ ಹೋಯಿತು. ಅದರ ಹಿಂದೆಯೇ ಗುಂಯ್ ಶಬ್ದವೂ ಬಂತು. ಮಿಕ್ಸರ್ ಒಂದು ಗೋಡೆಯ ಸಾಕೆಟ್, ಕಂಪ್ಯೂಟರ್ ಇನ್ನೊಂದು ಗೋಡೆಯದು. ಎರಡನ್ನೂ ಒಂದೇ ಬೋರ್ಡಿಗೆ ತಂದಾಗ ಅರ್ಧ ಇಳಿಯಿತು. ಬೇಸಿಗೆಯಲ್ಲಿ ಒಣಗಿದ್ದ ಅರ್ಥಿಂಗ್ ಗುಂಡಿಗೆ ನೀರು ಹೊಯ್ದು ನೋಡಿದೆ, ಗುಂಯ್‌ಗೆ ಏನೂ ಆಗಲಿಲ್ಲ. ಕೊನೆಗೆ ಮಿಕ್ಸರ್ ಮತ್ತು ಕಾರ್ಡಿನ ಆಡಿಯೋ ಕೇಬಲ್ಲಿನ ನಡುವೆ ಐನೂರು ರೂಪಾಯಿಯ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಸೇರಿಸಿದ ಮೇಲೆ ಪೂರ್ತಿ ನಿಂತಿತು. ಪ್ಲಗ್ಗಿನ ಮೂರನೇ ಪಿನ್ ಮುರಿದರೆ ಸಾಕು ಎನ್ನುವವರೂ ಸಿಗುತ್ತಾರೆ. ಹೆಂಡತಿ ಮಕ್ಕಳು ಇರುವವರು ಆ ಕೆಲಸ ಮಾಡಬೇಡಿ.

ನಡುವೆ ತಂಬೂರಿಯ ಒಂದು ಪ್ರಯೋಗ. ಎಲೆಕ್ಟ್ರಾನಿಕ್ ತಂಬೂರಿಯನ್ನು ನೇರ ಲೈನ್‌ನಲ್ಲಿ ಹಿಡಿದರೆ ಸಪ್ಪೆ. ಅದನ್ನು ಹಿತ್ತಾಳೆಯ ದೊಡ್ಡ ಹಂಡೆಯ ಪಕ್ಕದಲ್ಲಿಟ್ಟು ಮೈಕ್‌ನಿಂದ ಹಿಡಿದದ್ದು ಎಷ್ಟೋ ಚೆನ್ನಾಗಿತ್ತು. ಆದರೆ ಹಿಡಿದದ್ದು 44.1 ಕಿಲೋಹರ್ಟ್ಸ್‌ನಲ್ಲಿ, ಕಾರ್ಡ್ ಓಡುತ್ತಿದ್ದದ್ದು 48ರಲ್ಲಿ, ಹಾಗಾಗಿ ಟ್ರ್ಯಾಕ್ ವೇಗವಾಗಿ ಓಡಿತು. ಶ್ರುತಿ ಷಡ್ಜ ಬಿಟ್ಟು ಮೇಲೇರಿ, ಶುದ್ಧ ರಿಷಭವನ್ನು ದಾಟಿ, ಚತುಶ್ರುತಿ ರಿಷಭವನ್ನೂ ಮುಟ್ಟದೆ ನಡುವೆ ಎಲ್ಲೋ ತೂಗಾಡುತ್ತಿತ್ತು. ಅಕ್ಕ ಬಾಯಿ ತೆರೆದವಳೇ ಮುಚ್ಚಿಕೊಂಡಳು. ಅಂದಿನಿಂದ ಎಲ್ಲವೂ 48ರಲ್ಲೇ.

ಮುದ್ರಣದ ಮಟ್ಟವನ್ನು ಮೈನಸ್ 12 ಡೆಸಿಬಲ್, ಅಂದರೆ ಧ್ವನಿ ಒಡೆಯುವ ಸೊನ್ನೆಗಿಂತ 12 ಕೆಳಗೆ, ದಾಟಲು ಬಿಡುವುದಿಲ್ಲ. 24 ಬಿಟ್‌ನಲ್ಲಿ ಕೆಳಗೆ ಬೇಕಾದಷ್ಟು ಜಾಗವಿದೆ. ಗೋಡೆಗೆ ಅಜ್ಜಿಯ ಕಾಲದ ಕೌದಿಗಳು. ವೀಣೆಗೆ ಮೈಕ್ ಎಲ್ಲಿಡುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ವೀಣೆಯ ಕೊಡದ ಎದುರಿಗಂತೂ ಅಲ್ಲ, ಮಿಕ್ಕದ್ದು ನೀವೇ ಹುಡುಕಿಕೊಳ್ಳಿ.

ಮೈಕ್ ಮೊದಲೇ ಇತ್ತು. ಉಳಿದದ್ದೆಲ್ಲ ಸೇರಿ ಆರೇಳು ಸಾವಿರದ ಒಳಗೇ. ಹೊಸ ಮದರ್‌ಬೋರ್ಡ್‌ಗಳಲ್ಲಿ ಪಿಸಿಐ ಸ್ಲಾಟ್ ಸಿಗುವುದು ಅಪರೂಪ, ಆದ್ದರಿಂದ ಅದೇ ಅಂಗಡಿಯಿಂದ ಇನ್ನೊಂದು ಕಾರ್ಡನ್ನೂ ಅದಕ್ಕೊಪ್ಪುವ ಹಳೆಯ ಬೋರ್ಡನ್ನೂ ತಂದು ಅಟ್ಟದ ಮೇಲೆ ಇಟ್ಟಿದ್ದೇನೆ. ಲ್ಯಾಪ್‌ಟಾಪ್ ಇರುವವರು ಯುಎಸ್‌ಬಿಯನ್ನೇ ಕೊಳ್ಳಿ, ತಕರಾರಿಲ್ಲ. ಅಂಗಡಿಯವನು ಒಪ್ಪಿದರೆ ಹಣ ಕೊಡುವ ಮೊದಲು ಆ ಕೇಬಲ್ ಪರೀಕ್ಷೆಯನ್ನು ಅಲ್ಲೇ ಎರಡು ಸಲ ಮಾಡಿ ನೋಡಿ, ನಡುವೆ ಒಮ್ಮೆ ಯಂತ್ರ ಆರಿಸಿ.