ಐರಿಷ್ ರೆಡ್ ಏಲ್: ಕಾಫಿ ಸವಿಯುವ ಕ್ರಮದಲ್ಲೇ ಸವಿದಾಗ

ಐರಿಷ್ ರೆಡ್ ಏಲ್ ಅಬ್ಬರದ ಬಿಯರ್ ಅಲ್ಲ. ಮದ್ಯಾಂಶ ಸಾಮಾನ್ಯವಾಗಿ ಶೇ. 4ರಿಂದ 5ರ ಆಸುಪಾಸು, ಕಹಿ ಮಿತ, ಹಾಪ್ಸ್ ಹೂವಿನ ಘಮ ಇದ್ದೂ ಇಲ್ಲದಷ್ಟು. ಫ್ರಿಜ್ಜಿನಿಂದ ತೆಗೆದ ಕೂಡಲೇ ಗಟಗಟನೆ ಇಳಿಸಿದವರು ‘ಇದರಲ್ಲಿ ಏನಿದೆ?’ ಎಂದು ಕೇಳುತ್ತಾರೆ. ವಿಸ್ಕಿ, ರಮ್ಮಿಗೆ ಒಗ್ಗಿದ ನಮ್ಮ ಕೊಡಗಿನ ನಾಲಿಗೆಗಳು ಹಾಗೆ ಕೇಳುವುದು ಸಹಜವೇ. ನನಗೆ ಈ ಬಿಯರಿನ ಸೊಗಸು ಹಿಡಿದದ್ದು, ತೋಟದ ಕಾಫಿಯನ್ನು ಪರೀಕ್ಷಿಸುವ ಕ್ರಮದಲ್ಲೇ ಅದನ್ನೂ ಸವಿಯತೊಡಗಿದ ಮೇಲೆ.

ಪ್ರತಿ ಕೊಯ್ಲಿನ ಕಾಫಿಯನ್ನು ಮಾರುವ ಮೊದಲು ನಾನು ಕಪ್ಪಿಂಗ್, ಅಂದರೆ ಸವಿದು ಗುಣ ಅಳೆಯುವ ಪರೀಕ್ಷೆ, ಮಾಡಿ ನೋಡುತ್ತೇನೆ. 150 ಮಿ.ಲೀ. ನೀರಿಗೆ ಸುಮಾರು 8.25 ಗ್ರಾಂ ಪುಡಿ. ನಾಲ್ಕು ನಿಮಿಷ ಕಳೆದ ಮೇಲೆ, ಕಟ್ಟಿಕೊಂಡ ಪದರವನ್ನು ಚಮಚದಿಂದ ಒಡೆದು ಘಮವನ್ನು ಒಳಗೆ ಎಳೆದುಕೊಳ್ಳಬೇಕು. ಅಸಲಿ ಪರೀಕ್ಷೆ ಇರುವುದು ಅದರ ನಂತರ, ಬಟ್ಟಲು ತಣಿಯುತ್ತಾ ಹೋದಂತೆ ಮತ್ತೆ ಮತ್ತೆ ಸವಿಯುವುದರಲ್ಲಿ. ಬಿಸಿಯಲ್ಲಿ ಅಡಗಿದ್ದ ಸಿಹಿ, ಹುಳಿ, ಕೆಲವೊಮ್ಮೆ ಸಂಸ್ಕರಣೆಯ ದೋಷ, ಎಲ್ಲವೂ ಬಟ್ಟಲು ಆರಿದಾಗ ಬಾಯಿಬಿಡುತ್ತವೆ. ಬಿಯರಿನಲ್ಲಿ ಇದೇ ದಾರಿ ತಿರುವುಮುರುವಾಗುತ್ತದೆ. ತಣ್ಣಗಿದ್ದಾಗ ಮುಚ್ಚಿಕೊಂಡಿದ್ದದ್ದು ಬೆಚ್ಚಗಾದಂತೆ ತೆರೆದುಕೊಳ್ಳುತ್ತದೆ. ಮಳೆಗಾಲದ ಕೊಡಗು ಇದಕ್ಕೆ ಬಹಳ ಅನುಕೂಲ. ಮನೆಯೊಳಗೇ ತಂಪಿರುವುದರಿಂದ ಲೋಟ ಅವಸರವಿಲ್ಲದೆ ಬೆಚ್ಚಗಾಗುತ್ತದೆ, ಒಂದೊಂದು ಹಂತವನ್ನೂ ಹಿಡಿದು ನೋಡಲು ಸಮಯ ಸಿಗುತ್ತದೆ.

ಅಣ್ಣನ ಮಗ ಡಬ್ಲಿನ್‌ನಿಂದ ರಜೆಗೆ ಬರುವಾಗ ತಂದುಕೊಡುವ ಸ್ಮಿಡಿಕ್ಸ್ (Smithwick's) ರೆಡ್ ಏಲ್ ಕ್ಯಾನ್‌ಗಳೇ ನನ್ನ ಅಭ್ಯಾಸದ ಸಾಮಗ್ರಿ. ಈ ಹೆಸರಿನ ಬಿಯರಿಗೆ ಐರ್ಲೆಂಡಿನ ಕಿಲ್ಕೆನ್ನಿ ಪಟ್ಟಣದೊಂದಿಗೆ 1710ರಿಂದ ನಂಟು. ಅಲ್ಲಿನ ಸೇಂಟ್ ಫ್ರಾನ್ಸಿಸ್ ಆಬಿ ಬ್ರೂವರಿ 2013ರಲ್ಲಿ ಮುಚ್ಚಿತು. ತಯಾರಿ ಡಬ್ಲಿನ್‌ನ ಗಿನ್ನೆಸ್ ಕಾರ್ಖಾನೆಗೆ ಹೋಯಿತು. ಊರಿನ ಹೆಸರು ಹೊತ್ತ ಬೆಳೆಗೆ ಬೆಲೆ ಕೊಡುವ ಕೊಡಗಿನವನಾಗಿ, ಆ ಪಟ್ಟಣದವರಿಗೆ ಎಷ್ಟು ನೋವಾಗಿರಬಹುದು ಎಂದು ನಾನು ಯೋಚಿಸುವುದುಂಟು.

ಲೋಟ ಶುದ್ಧವಾಗಿರಬೇಕು. ಜಿಡ್ಡು ನೊರೆಯನ್ನು ಕೊಲ್ಲುತ್ತದೆ. ಹಂದಿಮಾಂಸ ತಿಂದ ತುಟಿ ತಾಗಿದರೂ ಸಾಕು, ನೊರೆ ಕುಸಿಯುತ್ತದೆ. ಆದ್ದರಿಂದ ಸವಿಯುವುದು ಊಟಕ್ಕೆ ಮೊದಲು. ಕ್ಯಾನನ್ನು ಫ್ರಿಜ್ಜಿನಿಂದ ತೆಗೆದು ಸುಮಾರು ಕಾಲು ಗಂಟೆ ಹೊರಗಿಟ್ಟು, ಟ್ಯೂಲಿಪ್ ಆಕಾರದ ಲೋಟಕ್ಕೆ ಅರ್ಧದವರೆಗೆ ಮಾತ್ರ ಸುರಿಯುತ್ತೇನೆ. ಖಾಲಿ ಬಿಟ್ಟ ಭಾಗದಲ್ಲಿ ಘಮ ನಿಲ್ಲುತ್ತದೆ.

ಬೆಳಕಿಗೆ ಹಿಡಿದರೆ ನಡುವೆ ತಾಮ್ರ, ಅಂಚಿನಲ್ಲಿ ಮಾಣಿಕ್ಯದ ಕೆಂಪು. ಈ ಕೆಂಪು ಸಾಮಾನ್ಯವಾಗಿ ಬರುವುದು, ಧಾನ್ಯದ ಒಟ್ಟು ತೂಕದಲ್ಲಿ ಶೇ. 2–3ರಷ್ಟು ಮಾತ್ರ ಸೇರಿಸುವ ಹುರಿದ ಬಾರ್ಲಿಯಿಂದ. ಮೊಳಕೆ ಬರಿಸದೆ, ಕಾಫಿ ಬೀಜದಂತೆ ಕಪ್ಪಾಗುವವರೆಗೆ ಹುರಿದ ಬಾರ್ಲಿ ಅದು. ಇದೇ ಧಾನ್ಯವನ್ನು ಹೆಚ್ಚು ಹಾಕಿದರೆ ಬಿಯರ್ ಕಪ್ಪು ಬಣ್ಣದ ಸ್ಟೌಟ್‌ನ ಕಡೆಗೆ ವಾಲುತ್ತದೆ. ಹುರಿಯುವ ಡ್ರಮ್ಮಿನ ಮುಂದೆ ನಿಂತು ಬಲ್ಲವರಿಗೆ ಈ ಲೆಕ್ಕ ಎಷ್ಟು ಸೂಕ್ಷ್ಮವೆಂದು ಗೊತ್ತು.

ಮೊದಲ ಗುಟುಕಿನಲ್ಲಿ ಸುಟ್ಟ ಬ್ರೆಡ್ಡಿನ ಮೇಲ್ಪದರ, ಸಪ್ಪೆ ಬಿಸ್ಕತ್ತು, ಅಷ್ಟೆ. ಹತ್ತು ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಕ್ಯಾರಮೆಲ್ ಮಾಲ್ಟ್ (ಮೊಳಕೆ ಬರಿಸಿ, ಒಳಗಿನ ಸಕ್ಕರೆ ಕಂದಾಗುವಂತೆ ಕಾಯಿಸಿದ ಬಾರ್ಲಿ) ಮಾತಾಡತೊಡಗುತ್ತದೆ: ಪಾಕ ಕಂದುಬಣ್ಣಕ್ಕೆ ತಿರುಗುವ ಹೊತ್ತಿನ ಬೆಲ್ಲ, ಅದರ ಹಿಂದೆ ತೆಳುವಾಗಿ ಒಣಹಣ್ಣು. ನಾನು ಕಾಯುವುದು ಇದಕ್ಕಿಂತ ಮುಂದಿನ ಘಳಿಗೆಗಾಗಿ. ನುಂಗಿದ ಮೇಲೆ ಸಿಹಿ ಥಟ್ಟನೆ ಹಿಂದೆ ಸರಿದು, ನಾಲಿಗೆಯ ಹಿಂಭಾಗದಲ್ಲಿ ಹುರಿದ ಧಾನ್ಯದ ಒಣ ರುಚಿ ಉಳಿಯುತ್ತದೆ. ಚಿಕೋರಿ ಬೆರೆತ ಕಾಫಿಯ ಕೊನೆಯನ್ನು ನೆನೆಯಿರಿ. ಅಲ್ಲಿ ಸುಟ್ಟ ಸಿಹಿ ಭಾರವಾಗಿ ಅಂಟಿಕೊಂಡಿರುತ್ತದೆ. ಇಲ್ಲಿ ಬಾಯಿ ಒಣಗಿ, ಚೊಕ್ಕಟವಾಗಿ, ಇನ್ನೊಂದು ಗುಟುಕು ಬೇಡುತ್ತದೆ. ನನ್ನ ಮಟ್ಟಿಗೆ ರೆಡ್ ಏಲ್‌ನ ಪ್ರಾಣವೇ ಈ ಒಣ ಮುಕ್ತಾಯ. ಕ್ಯಾರಮೆಲ್ ಮಾಲ್ಟನ್ನೇ ಸುರಿದು ಬಣ್ಣ ಬರಿಸಿದ ಏಲ್‌ಗಳನ್ನೂ ಬೆಂಗಳೂರಿನಲ್ಲಿ ಕುಡಿದಿದ್ದೇನೆ. ನೋಡಲು ಕೆಂಪು, ಆದರೆ ಎರಡನೇ ಲೋಟಕ್ಕೆ ಮನಸ್ಸು ಬರುವುದಿಲ್ಲ.

ಕಪ್ಪಿಂಗ್‌ನಿಂದ ಇಲ್ಲಿಗೆ ತರಬಾರದ ಅಭ್ಯಾಸ ಒಂದಿದೆ. ಕಾಫಿಯನ್ನು ಸವಿದು ಉಗುಳುತ್ತೇವೆ, ಬಿಯರನ್ನು ನುಂಗಲೇಬೇಕು. ಕಹಿಯೂ ಆ ಒಣ ಮುಕ್ತಾಯವೂ ಪೂರ್ತಿಯಾಗಿ ತಿಳಿಯುವುದು ನುಂಗಿದ ನಂತರ. ಹಾಗಾಗಿ ನನ್ನ ಗುಟುಕುಗಳು ಚಿಕ್ಕವು, ನಡುವೆ ಸಾದಾ ನೀರು.

ದೋಷಗಳೂ ಬೆಚ್ಚಗಾದಾಗಲೇ ಸಿಕ್ಕಿಬೀಳುತ್ತವೆ. ಬೆಣ್ಣೆಯ ವಾಸನೆ ಬಂದರೆ ಅದು ಡಯಾಸಿಟೈಲ್, ಬಿಯರ್ ಹುದುಗುವಾಗ ಹುಟ್ಟುವ ವಸ್ತು. ಈ ಶೈಲಿಯಲ್ಲಿ ತುಸು ಇದ್ದರೆ ಸಹಿಸಬಹುದು, ಮೇಲೆದ್ದು ನಿಂತರೆ ತಪ್ಪು. ಒದ್ದೆ ರಟ್ಟಿನ ವಾಸನೆ ಎಂದರೆ ಆಮ್ಲಜನಕ ತಾಗಿ ಬಿಯರ್ ಹಳಸಿದೆ ಎಂದರ್ಥ. ದೂರದ ಸಾಗಣೆಯ ಸೆಕೆ ಅದಕ್ಕೆ ದಾರಿ ಮಾಡಿಕೊಡುತ್ತದೆ. ಬಾಟಲಿಯಾದರೆ ಬಿಸಿಲೂ ಶತ್ರು, ಹಸಿರು ಗಾಜಿಗಿಂತ ಕಂದು ಗಾಜು ವಾಸಿ.

ಇನ್ನು ಊಟ. ಕೊಡಗಿನ ಹಂದಿಮಾಂಸದ ಅಡುಗೆಯಾದ ಪಂದಿ ಕರಿಗೆ ಈ ಬಿಯರ್ ಒಪ್ಪುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಕೊತ್ತಂಬರಿ, ಜೀರಿಗೆ, ಮೆಣಸನ್ನು ಕಪ್ಪಾಗುವಷ್ಟು ಹುರಿದು ಪುಡಿ ಮಾಡಿದ ಮಸಾಲೆ ಹುರಿದ ಬಾರ್ಲಿಯೊಂದಿಗೆ ನೇರವಾಗಿ ಸೇರುತ್ತದೆ. ಏಲ್‌ನ ಗುಳ್ಳೆಗಳೂ ಒಣ ಮುಕ್ತಾಯವೂ ಕೊಬ್ಬಿನ ಜಿಡ್ಡನ್ನು ತೊಳೆಯುತ್ತವೆ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಮಾತ್ರ ಕೈ ಬಿಗಿಹಿಡಿದು ಹಾಕಬೇಕು. ಹುಳಿ ಏರಿದರೆ ಬಿಯರಿನ ಕಹಿ ಕಳೆದುಹೋಗಿ ಬರೀ ಸಿಹಿ ಉಳಿಯುತ್ತದೆ. ಸೂಜಿ ಮೆಣಸಿನ ಖಾರ ಗುಳ್ಳೆಗಳ ಜೊತೆ ಸೇರಿ ಬಾಯಿ ಉರಿಸುತ್ತದೆ. ಬೈಂಬಳೆ (ಎಳೆ ಬಿದಿರು) ಕರಿಯ ಹುದುಗು ಬಂದ ಘಾಟು ಏಲ್‌ನ ಮೃದು ಘಮವನ್ನು ಪೂರ್ತಿ ನುಂಗಿಬಿಡುತ್ತದೆ, ಆ ಜೋಡಿ ಬೇಡ. ಗ್ರೇವಿ ಕಡಿಮೆಯಿರುವ ಒಣ ಹಂದಿ ಫ್ರೈ, ಪಕ್ಕದಲ್ಲಿ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಇದ್ದರೆ ಎಲ್ಲಕ್ಕಿಂತ ಚೆನ್ನ; ಅಕ್ಕಿಯ ಸಪ್ಪೆ ರುಚಿ ಮಾಲ್ಟಿನ ಸಿಹಿಗೆ ಜಾಗ ಬಿಟ್ಟುಕೊಡುತ್ತದೆ.