ಹ್ಯಾಂಗ್ ಆದ ಹೊತ್ತಿನ ಲಾಗೇ ಸಿಗ್ತಿರ್ಲಿಲ್ಲ, ಕಾರಣ ಸಿಕ್ಕಿದ್ದು ಹೀಗೆ

ನನ್ನ ಲಿನಕ್ಸ್ ಡೆಸ್ಕ್‌ಟಾಪ್ ವಾರಕ್ಕೆ ಎರಡು ಮೂರು ಸಲ ಹ್ಯಾಂಗ್ ಆಗ್ತಿತ್ತು, ರೀಸೆಟ್ ಒತ್ತಿ ಮತ್ತೆ ಆನ್ ಮಾಡಿ ಲಾಗ್ (ಸಿಸ್ಟಂ ತನ್ನಲ್ಲಿ ಆಗಿದ್ದನ್ನ ಬರೆದಿಡೋ ದಾಖಲೆ) ನೋಡಿದ್ರೆ ಆ ಹೊತ್ತಿನದು ಒಂದು ಸಾಲೂ ಇರ್ತಿರ್ಲಿಲ್ಲ. ಲಾಗಲ್ಲಿ ಎರರ್ ಇಲ್ಲ ಅಂದ್ಮೇಲೆ ಸಾಫ್ಟ್‌ವೇರ್ ಸರಿ ಇದೆ ಅಂದ್ಕೊಂಡು ರ್‍ಯಾಮ್ ಟೆಸ್ಟ್ ಮಾಡ್ತಾ ಎರಡು ರಾತ್ರಿ ಕಳೆದೆ, ಲಾಗೇ ನೆಟ್ಟಗೆ ಉಳೀತಿದ್ಯಾ ಅಂತ ಮೊದಲು ನೋಡ್ಬೇಕಿತ್ತು.

ಲಾಗ್ ಓದೋ ಕಮಾಂಡ್ ಜರ್ನಲ್‌ಸಿಟಿಎಲ್‌ಗೆ ಲಿಸ್ಟ್ ಬೂಟ್ಸ್ ಆಪ್ಷನ್ ಕೊಟ್ಟು ನೋಡಿದ್ರೆ ಈಗಿನ ಬೂಟ್ ಒಂದೇ ಇತ್ತು, ಹಿಂದಿನದು ಯಾವುದೂ ಇಲ್ಲ. ಸೆಟ್ಟಿಂಗಲ್ಲಿ ಸ್ಟೋರೇಜ್ ಆಟೋ ಅಂತಿದ್ರೆ ವಾರ್ ಲಾಗ್ (/var/log) ಒಳಗೆ ಜರ್ನಲ್ ಅನ್ನೋ ಫೋಲ್ಡರ್ ಇದ್ರೆ ಮಾತ್ರ ಡಿಸ್ಕಿಗೆ ಬರೆಯುತ್ತೆ, ಇಲ್ದಿದ್ರೆ ಎಲ್ಲಾ ಮೆಮೊರಿಯಲ್ಲೇ ಇದ್ದು ರೀಸೆಟ್ ಜೊತೆ ಹೋಗುತ್ತೆ. ನನ್ನಲ್ಲಿ ಆ ಫೋಲ್ಡರ್ ಇರ್ಲಿಲ್ಲ. ಸ್ಟೋರೇಜನ್ನ ಪರ್ಸಿಸ್ಟೆಂಟ್ (ಡಿಸ್ಕಲ್ಲೇ ಉಳಿಯೋ ಹಾಗೆ) ಮಾಡಿ ಲಾಗ್ ಬರೆಯೋ ಸರ್ವಿಸ್ ಜರ್ನಲ್‌ಡಿ ರೀಸ್ಟಾರ್ಟ್ ಮಾಡ್ದೆ.

ಮುಂದಿನ ಸಲ ಹ್ಯಾಂಗ್ ಆದಾಗ ಪರದೆ ಮೇಲಿನ ಗಡಿಯಾರ 9:42ಕ್ಕೆ ನಿಂತಿತ್ತು, ಲಾಗಿನ ಕೊನೇ ಸಾಲು 9:38. ನಾಲ್ಕು ನಿಮಿಷ ಎಲ್ಲಿಗೆ ಹೋಯ್ತು? ಜರ್ನಲ್‌ಡಿ ಸಾಮಾನ್ಯ ಮೆಸೇಜುಗಳನ್ನ ಡಿಸ್ಕಿಗೆ ಗಟ್ಟಿಯಾಗಿ ಸಿಂಕ್ ಮಾಡೋದು 5 ನಿಮಿಷಕ್ಕೊಮ್ಮೆ, ಕ್ರಿಟಿಕಲ್ ಮತ್ತು ಅದಕ್ಕಿಂತ ಗಂಭೀರವಾದವನ್ನ ಮಾತ್ರ ಕೂಡಲೇ ಮಾಡುತ್ತೆ. ಅದೇ ಕಾರಣ ಇರ್ಬೇಕು ಅಂತ ಸಿಂಕ್ ಇಂಟರ್ವಲ್ 10 ಸೆಕೆಂಡಿಗೆ ಇಳಿಸಿ, ಲಾಗರ್ ಕಮಾಂಡಿಂದ 10 ಸೆಕೆಂಡಿಗೊಂದು ಸಾಲು ಬರೆಯೋ ಸಣ್ಣ ಲೂಪ್ ಬಿಟ್ಟೆ. ಆದ್ರೂ ಮತ್ತೆ ಮೂರು ನಿಮಿಷದ ಸಾಲುಗಳು ಇಲ್ಲ.

ಇಲ್ಲೇ ನನಗೆ ಹೊಳೆದಿದ್ದು. ಸಿಂಕ್ ಅಷ್ಟು ಬೇಗ ಇಟ್ರೂ ಗ್ಯಾಪ್ ಹೋಗ್ಲಿಲ್ಲ ಅಂದ್ರೆ ಬರೆಯೋಕೆ ಹೊರಟ ಡಿಸ್ಕೇ ಉತ್ತರ ಕೊಡ್ತಿಲ್ಲ. ಹ್ಯಾಂಗ್ ಆಗೋ ರೀತಿ ನೆನಪಿಸ್ಕೊಂಡ್ರೂ ಅದೇ ಕಾಣ್ತು, ಮೊದಲು ಮೌಸ್ ಓಡಾಡ್ತಿರುತ್ತೆ, ಗಡಿಯಾರ ನಡೀತಿರುತ್ತೆ, ಡಿಸ್ಕ್ ಮುಟ್ಟೋಕೆ ಹೋದ ಪ್ರೋಗ್ರಾಮುಗಳು ಒಂದೊಂದಾಗಿ ನಿಲ್ತಾ ಬರುತ್ತೆ, ಕೊನೆಗೆ ಎಲ್ಲಾ ನಿಂತು ಹೋಗುತ್ತೆ.

ಡಿಸ್ಕಿನ ತೊಂದರೇನ ಅದೇ ಡಿಸ್ಕಲ್ಲಿ ಹುಡುಕಿ ಉಪಯೋಗ ಇಲ್ಲ, ಅದಕ್ಕೆ ನೆಟ್‌ಕನ್ಸೋಲ್ ಹಾಕ್ದೆ. ಇದು ಕರ್ನಲ್ (ಲಿನಕ್ಸಿನ ತಿರುಳು) ಮೆಸೇಜನ್ನ ನೇರವಾಗಿ ಯುಡಿಪಿ ಅನ್ನೋ ನೆಟ್‌ವರ್ಕ್ ವಿಧಾನದ ಮೂಲಕ ಇನ್ನೊಂದು ಕಂಪ್ಯೂಟರಿಗೆ ಕಳಿಸುತ್ತೆ, ಪೋರ್ಟ್ ಸಾಮಾನ್ಯವಾಗಿ 6666, ಆ ಕಡೆ ನೆಟ್‌ಕ್ಯಾಟ್ ಅನ್ನೋ ಸಣ್ಣ ಪ್ರೋಗ್ರಾಮ್ ಕೇಳ್ತಾ ಕೂತಿದ್ರೆ ಸಾಕು. ವೈಫೈ ನಂಬ್ಬೇಡಿ, ತಂತಿ ಹಾಕಿ. ಮೊದಲ ದಿನ ಏನೂ ಬರ್ಲಿಲ್ಲ, ಯಾಕಂದ್ರೆ ಯಾವ ಮಟ್ಟದ ಮೆಸೇಜ್ ಕಳಿಸ್ಬೇಕು ಅನ್ನೋ ಕನ್ಸೋಲ್ ಲಾಗ್ ಲೆವೆಲ್ ಕಡಿಮೆ ಇತ್ತು, ಡಿಮೆಸೇಜ್ (dmesg) ಕಮಾಂಡಿಂದ 8ಕ್ಕೆ ಏರಿಸಿದ ಮೇಲೆ ಬರೋಕೆ ಶುರುವಾಯ್ತು.

ನಾಲ್ಕನೇ ದಿನ ಹ್ಯಾಂಗ್ ಆದಾಗ ಮೆಸೇಜ್ ಕೇಳ್ತಿದ್ದ ಲ್ಯಾಪ್‌ಟಾಪಿನ ಪರದೆ ತುಂಬಾ ಸಾಟಾ (ಡಿಸ್ಕನ್ನ ಮದರ್‌ಬೋರ್ಡಿಗೆ ಜೋಡಿಸೋ ಸಂಪರ್ಕ) ಲಿಂಕ್ ರೀಸೆಟ್, ಟೈಮ್‌ಔಟ್, ಮತ್ತೆ ರೀಸೆಟ್, ಕೊನೇಲಿ ಇನ್‌ಪುಟ್ ಔಟ್‌ಪುಟ್ ಎರರ್. ಒಂದೊಂದು ಕಮಾಂಡಿಗೂ ಕರ್ನಲ್ 30 ಸೆಕೆಂಡ್ ಕಾಯುತ್ತೆ, ಹಾಗೇ ಕಾದೂ ಕಾದೂ ಆ ನಿಮಿಷಗಳು ಕಳೆದಿದ್ದು. ಡಿಸ್ಕಿನ ಸಾಟಾ ಕೇಬಲ್ ಬದಲಾಯಿಸಿ ಬೇರೆ ಪೋರ್ಟಿಗೆ ಹಾಕಿದೆ, ಆಮೇಲೆ ಒಂದು ಸಲಾನೂ ಹ್ಯಾಂಗ್ ಆಗಿಲ್ಲ. ಲೂಪ್ ತೆಗೆದೆ, ಸಿಂಕ್ ವಾಪಸ್ 5 ನಿಮಿಷಕ್ಕೆ ತಂದೆ, ನೆಟ್‌ಕನ್ಸೋಲ್ ಮಾತ್ರ ಇನ್ನೂ ಆನ್ ಇದೆ.