ವಾಲ್ವ್ ರೇಡಿಯೊದ ಡಯಲ್ ದಾರ ಬದಲಿಸಿದ ನನ್ನ ಅನುಭವ

ಬಿರಡೆ ತಿರುಗುತ್ತದೆ, ಆದರೆ ಮುಳ್ಳು ಕದಲುವುದಿಲ್ಲ, ನಿಲಯವೂ ಬದಲಾಗುವುದಿಲ್ಲ ಎಂದರೆ ಬಿರಡೆಯ ತಿರುಗಾಟವನ್ನು ಮುಳ್ಳಿಗೂ ನಿಲಯ ಹಿಡಿಯುವ ಭಾಗಕ್ಕೂ ಮುಟ್ಟಿಸುವ ಡಯಲ್ ದಾರ ಕಡಿದಿದೆ ಅಥವಾ ಬಿರಡೆಯ ದಂಡವಾದ ಸ್ಪಿಂಡಲಿನ ಮೇಲೆ ಜಾರುತ್ತಿದೆ ಎಂದೇ ತಿಳಿಯಬೇಕು. ಉಡುಪಿಯಲ್ಲಿ ನನ್ನ ಕೈಗೆ ಬರುವ ಹಳೆಯ ರೇಡಿಯೊಗಳಲ್ಲಿ ಇದು ತೀರಾ ಸಾಮಾನ್ಯವಾದ ದೂರು, ಮತ್ತು ಅದರ ಮೂಲ ಹೆಚ್ಚಾಗಿ ನಮ್ಮ ಹವೆಯಲ್ಲಿದೆ. ಹೊಸೆದ ಹತ್ತಿಯ ದಾರ ಮಳೆಗಾಲದ ತೇವ ಹೀರಿ ಗಿಡ್ಡವಾಗುತ್ತದೆ, ಬೇಸಿಗೆಯಲ್ಲಿ ಒಣಗಿ ಮತ್ತೆ ಸಡಿಲಗೊಳ್ಳುತ್ತದೆ. ಅದನ್ನು ಬಿಗಿಯಾಗಿ ಹಿಡಿದಿರಬೇಕಾದ ಸ್ಪ್ರಿಂಗ್ ಉಪ್ಪುಗಾಳಿಗೆ ತುಕ್ಕು ಹಿಡಿದು ಸತ್ವ ಕಳೆದುಕೊಂಡಿರುತ್ತದೆ. ಆದ್ದರಿಂದ ಕರಾವಳಿಯಲ್ಲಿ ಈ ಕೆಲಸಕ್ಕೆ ದಾರ ಆರಿಸುವಾಗ ಅದು ಎಷ್ಟು ಗಟ್ಟಿ ಎಂಬುದಕ್ಕಿಂತ, ಕಾಲದಿಂದ ಕಾಲಕ್ಕೆ ಅದರ ಉದ್ದ ಎಷ್ಟು ಬದಲಾಗುತ್ತದೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.

ಇಲ್ಲಿ ಹೇಳುತ್ತಿರುವುದು ಕಲ್ಯಾಣಪುರದ ಹಿರಿಯರೊಬ್ಬರ ಮನೆಯ ಐದು ವಾಲ್ವಿನ (ಗಾಜಿನ ನಿರ್ವಾತ ನಳಿಗೆಯ) ಮೇಜಿನ ರೇಡಿಯೊದ ವಿಷಯ. ಹಿಂಬದಿಯ ಹಲಗೆ ತೆಗೆದ ಕೂಡಲೇ ವಾಲ್ವುಗಳ ಹೆಸರು ಓದಿದೆ. ಯುಸಿಎಚ್ 81, ಯುಎಲ್ 84 ಎಂಬಂತೆ ಹೆಸರುಗಳು ‘ಯು’ ಅಕ್ಷರದಿಂದ ಆರಂಭವಾದರೆ ಅವುಗಳ ಫಿಲಮೆಂಟುಗಳು ಸರಣಿಯಲ್ಲಿ ಜೋಡಣೆಯಾಗಿವೆ ಎಂದರ್ಥ. ಅಂಥ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ವಿದ್ಯುತ್ತಿನ ಒಂದು ತಂತಿ ನೇರವಾಗಿ ಚಾಸಿಗೇ, ಅಂದರೆ ಭಾಗಗಳನ್ನೆಲ್ಲ ಕೂರಿಸಿದ ಲೋಹದ ಚೌಕಟ್ಟಿಗೇ, ಸೇರಿರುತ್ತದೆ. ಪ್ಲಗ್ ತಿರುವುಮುರುವಾಗಿ ಸೇರಿದರೆ ಇಡೀ ಚಾಸಿ, ಅದರೊಂದಿಗೆ ಬಿರಡೆಯ ಲೋಹದ ದಂಡವೂ, 230 ವೋಲ್ಟಿನಲ್ಲಿರುತ್ತದೆ. ಇದು ಅಂಥದೇ ಸೆಟ್ಟಾಗಿತ್ತು. ಪ್ಲಗ್ ಕಳಚಿಟ್ಟು, ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಫಿಲ್ಟರ್ ಕಂಡೆನ್ಸರುಗಳನ್ನು ರೆಸಿಸ್ಟರಿನ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ನೋಡಿಕೊಂಡ ನಂತರವೇ ಚಾಸಿಯನ್ನು ಪೆಟ್ಟಿಗೆಯಿಂದ ಹೊರಗೆಳೆದೆ. ಡಯಲಿನ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸುವ ಆಸೆಯನ್ನು ಎಲ್ಲರೂ ತಡೆದುಕೊಳ್ಳಬೇಕು: ಅಕ್ಷರಗಳು ಗಾಜಿನ ಹಿಂಬದಿಯಲ್ಲಿ ಅಚ್ಚಾಗಿರುತ್ತವೆ, ಸಾಬೂನಿನ ನೀರು ತಗುಲಿದರೆ ನಿಲಯಗಳ ಹೆಸರುಗಳು ಬಟ್ಟೆಗೇ ಅಂಟಿಕೊಂಡು ಬರುತ್ತವೆ. ಒಣ ಕುಂಚದಿಂದ ಮುಂಬದಿಯ ಧೂಳು ತೆಗೆದು, ಗಾಜನ್ನು ದೂರ ಇರಿಸಿದೆ.

ಹಳೆಯ ದಾರ ಎರಡು ತುಂಡಾಗಿ, ದಾರ ಸುತ್ತುವ ದೊಡ್ಡ ಚಕ್ರವಾದ ಡ್ರಮ್ಮಿನಿಂದ ಜೋತುಬಿದ್ದಿತ್ತು. ಆ ತುಂಡುಗಳನ್ನು ಕಿತ್ತೆಸೆಯುವ ಮೊದಲು ದಾರ ಸಾಗುತ್ತಿದ್ದ ದಾರಿಯನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಈ ಕೆಲಸದ ಅರ್ಧ ಭಾಗ. ತಗಡಿನ ಮೇಲೆ ಕೂತ ಧೂಳಿನಲ್ಲಿ ದಾರ ಓಡಾಡಿದ ಗೆರೆ ಸ್ಪಷ್ಟವಾಗಿತ್ತು. ನಾಲ್ಕು ಸಣ್ಣ ರಾಟೆಗಳಲ್ಲಿ ಯಾವುದರ ಮೇಲ್ಭಾಗದಿಂದ, ಯಾವುದರ ಕೆಳಗಿನಿಂದ ದಾರ ಹಾದಿತ್ತು ಎಂಬುದು ಅವುಗಳ ತೋಡಿನ ಹೊಳಪಿನಿಂದ ತಿಳಿಯಿತು. ಲೆಕ್ಕವೂ ನೆರವಿಗೆ ಬರುತ್ತದೆ. ನಿಲಯ ಆರಿಸುವ ಗ್ಯಾಂಗ್ ಕಂಡೆನ್ಸರ್ ಪೂರ್ತಿ ಮುಚ್ಚಿದ ಸ್ಥಿತಿಯಿಂದ ಪೂರ್ತಿ ತೆರೆಯಲು ತಿರುಗುವುದು ಅರ್ಧ ಸುತ್ತು ಮಾತ್ರ. ಅದಕ್ಕೆ ಕೂರಿಸಿದ ಡ್ರಮ್ಮಿನ ವ್ಯಾಸ 80 ಮಿಲಿಮೀಟರ್ ಇದ್ದುದರಿಂದ ದಾರ, ಮತ್ತು ದಾರಕ್ಕೆ ಅಂಟಿದ ಮುಳ್ಳು, ಸುಮಾರು 125 ಮಿಲಿಮೀಟರ್ ಸರಿಯಬೇಕು. ಗಾಜಿನ ಮೇಲಿನ ಅಳತೆಪಟ್ಟಿಯೂ ಅಷ್ಟೇ ಉದ್ದವಿತ್ತು. ಸ್ಪಿಂಡಲಿನ ವ್ಯಾಸ 6 ಮಿಲಿಮೀಟರ್. ಹಾಗಾಗಿ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು ಬಿರಡೆಯನ್ನು ಆರೂವರೆ ಸುತ್ತಿಗಿಂತ ತುಸು ಹೆಚ್ಚು ತಿರುಗಿಸಬೇಕಾಗುತ್ತದೆ. ಈ ಎರಡು ಅಳತೆಗಳು ತಾಳೆಯಾದರೆ ನಾವು ಬರೆದ ನಕ್ಷೆಯನ್ನು ನಂಬಬಹುದು.

“ಮಲ್ಪೆಯಲ್ಲಿ ಬಲೆಯ ಹುರಿ ಬೇಕಾದಷ್ಟು ಸಿಗ್ತದಲ್ಲ ಮಾರಾಯ್ರೆ, ಅದನ್ನೇ ಕಟ್ಟಿದ್ರೆ ಆಗುದಿಲ್ವಾ?” ಎಂದು ಆ ಹಿರಿಯರು ಕೇಳಿದ್ದರು. ಪ್ರಶ್ನೆ ಸಹಜವೇ. ಆದರೆ ಬಲೆಗೆ ಬಳಸುವ ಹುರಿ ಹೆಚ್ಚಾಗಿ ನೈಲಾನಿನದು. ನೈಲಾನ್ ಎಳೆದಷ್ಟೂ ಹಿಗ್ಗುವ ವಸ್ತು, ತೇವವನ್ನೂ ಹೀರುತ್ತದೆ. ಹೊಸೆದ ಹುರಿಯಾದರೆ ಸ್ಪಿಂಡಲಿನ ಮೇಲೆ ಉರುಳುತ್ತ ತನ್ನ ಹೊಸೆತವನ್ನೇ ಬಿಚ್ಚಿಕೊಳ್ಳುತ್ತದೆ. ಗಾಳಕ್ಕೆ ಬಳಸುವ ಒಂಟಿ ಎಳೆಯ ಪಾರದರ್ಶಕ ತಂಗೂಸಂತೂ ಬೇಡವೇ ಬೇಡ. ಅದು ನುಣುಪಾಗಿರುವುದರಿಂದ ಸ್ಪಿಂಡಲನ್ನು ಹಿಡಿಯುವುದಿಲ್ಲ, ಸಣ್ಣ ರಾಟೆಗಳ ಬಳಿ ಬಾಗಿದಲ್ಲೇ ಬಾಗಿ ಸೆಟೆದು ನಿಲ್ಲುತ್ತದೆ. ಗಾಜಿನ ನೂಲಿನ ತಿರುಳಿರುವ ಅಸಲಿ ಡಯಲ್ ದಾರ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ನಾನು ಬಳಸಿದ್ದು 0.8 ಮಿಲಿಮೀಟರ್ ದಪ್ಪದ, ಜಡೆಯಂತೆ ಹೆಣೆದ ಪಾಲಿಯೆಸ್ಟರ್ ದಾರ. ಪಾಲಿಯೆಸ್ಟರ್ ನೀರನ್ನು ಹೀರುವುದು ಅತ್ಯಲ್ಪ, ಹಿಗ್ಗುವುದೂ ಕಡಿಮೆ. ಆದರೂ ಕಟ್ಟುವ ಮುನ್ನ ಒಂದು ರಾತ್ರಿ ಅದಕ್ಕೆ ತೂಕ ಕಟ್ಟಿ ಕಿಟಕಿಗೆ ಇಳಿಬಿಟ್ಟಿದ್ದೆ. ಹಿಗ್ಗುವುದಿದ್ದರೆ ಅಲ್ಲೇ ಹಿಗ್ಗಿ ಮುಗಿಯಲಿ ಎಂದು.

ದಾರ ಪೋಣಿಸುವ ಮೊದಲು ಗ್ಯಾಂಗನ್ನು ಪೂರ್ತಿ ಮುಚ್ಚಿದೆ, ಅಂದರೆ ತಿರುಗುವ ತಗಡುಗಳೆಲ್ಲ ಒಳಸೇರುವಂತೆ ಮಾಡಿದೆ. ಹೀಗೆ ಮಾಡಿದರೆ ಮುಳ್ಳಿನ ಒಂದು ಕೊನೆ ನಿಶ್ಚಿತವಾಗುತ್ತದೆ. ಕೈತಪ್ಪಿ ಸ್ಕ್ರೂಡ್ರೈವರ್ ಬಿದ್ದರೂ ತೆಳು ತಗಡುಗಳು ಬಾಗುವುದಿಲ್ಲ. ಡ್ರಮ್ ಅಲುಗದಂತೆ ಕಾಗದದ ಟೇಪು ಹಚ್ಚಿದೆ. ರಾಟೆಗಳ ಅಚ್ಚಿಗೆ ಸೂಜಿಯ ಮೊನೆಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ಮುಟ್ಟಿಸಿ, ಹೆಚ್ಚಾದದ್ದನ್ನು ಒರೆಸಿದೆ. ಈ ಎಣ್ಣೆ ದಾರಕ್ಕೆ ಸೋಕಿದರೆ ಮುಂದಿನ ಶ್ರಮವೆಲ್ಲ ವ್ಯರ್ಥ.

ದಾರದ ಒಂದು ತುದಿಯನ್ನು ಡ್ರಮ್ಮಿನೊಳಗಿನ ಕೊಕ್ಕೆಗೆ ಕಟ್ಟಿ, ಅಂಚಿನ ಸೀಳಿನಿಂದ ಹೊರತಂದು, ನಕ್ಷೆಯಲ್ಲಿದ್ದಂತೆ ಸ್ಪಿಂಡಲಿನ ಕಡೆಗೆ ಒಯ್ದೆ. ಈ ಕೆಲಸದಲ್ಲಿ ತಾಳ್ಮೆ ಬೇಕಾಗುವುದು ಇಲ್ಲಿಯೇ. ಸ್ಪಿಂಡಲಿಗೆ ಎರಡೂವರೆ ಸುತ್ತು ಹಾಕಬೇಕು. ಒಂದರ ಪಕ್ಕ ಒಂದು ಸುತ್ತು ಕೂರಬೇಕೇ ಹೊರತು ಒಂದರ ಮೇಲೊಂದು ಏರಬಾರದು. ಬಿರಡೆ ತಿರುಗಿದಂತೆ ಈ ಸುತ್ತುಗಳ ಗುಂಪು ಸ್ಪಿಂಡಲಿನ ಉದ್ದಕ್ಕೆ ನಿಧಾನವಾಗಿ ಸರಿಯುವುದರಿಂದ ಎರಡೂ ಪಕ್ಕ ಅದಕ್ಕೆ ಜಾಗ ಬಿಟ್ಟಿರಬೇಕು. ಸುತ್ತಿನ ದಿಕ್ಕು ತಪ್ಪಿದರೆ ಬಿರಡೆಯನ್ನು ಬಲಕ್ಕೆ ತಿರುಗಿಸಿದಾಗ ಮುಳ್ಳು ಎಡಕ್ಕೆ ಓಡುತ್ತದೆ. ಪ್ರತಿ ರಾಟೆ ದಾಟಿದ ಮೇಲೂ ಚೂರು ಟೇಪು ಹಚ್ಚಿ ದಾರವನ್ನು ಹಿಡಿದಿಟ್ಟುಕೊಂಡು ಮುಂದಿನದಕ್ಕೆ ಹೋದೆ.

ಸ್ಪ್ರಿಂಗನ್ನು ಬದಲಿಸಲೇಬೇಕಿತ್ತು. ಹಳೆಯ ಟೇಪ್‌ರೆಕಾರ್ಡರಿನಿಂದ ತೆಗೆದಿಟ್ಟ ಮೆತ್ತನೆಯ ಸ್ಪ್ರಿಂಗೊಂದು ಹೊಂದಿಕೆಯಾಯಿತು. ಅದು ತನ್ನ ಸಹಜ ಉದ್ದದ ಒಂದೂವರೆ ಪಟ್ಟು ಹಿಗ್ಗಿ ನಿಲ್ಲುವಂತೆ ಅಳೆದು, ದಾರದ ಇನ್ನೊಂದು ತುದಿಯನ್ನು ಅದಕ್ಕೆ ಬಿಗಿದೆ. ಪಾಲಿಯೆಸ್ಟರಿನಲ್ಲಿ ಗಂಟು ಜಾರುವ ಭಯವಿರುವುದರಿಂದ ಎರಡು ಗಂಟು ಹಾಕಿ, ಒಂದು ಹನಿ ಉಗುರುಬಣ್ಣ ಬಿಟ್ಟು, ಉಳಿದ ತುದಿಯನ್ನು ಸೋಲ್ಡರಿಂಗ್ ಕಡ್ಡಿಯ ಬಿಸಿಗೆ ಕರಗಿಸಿ ಮುಚ್ಚಿದೆ. ಎರಡು ರಾಟೆಗಳ ನಡುವೆ ದಾರವನ್ನು ಬೆರಳಿನಿಂದ ಒತ್ತಿದಾಗ ಸ್ಪ್ರಿಂಗ್ ಹಿಗ್ಗಿ, ಬೆರಳು ತೆಗೆದೊಡನೆ ಸ್ವಸ್ಥಾನಕ್ಕೆ ಮರಳಿದರೆ ಬಿಗಿ ಸರಿಯಾಗಿದೆ. ಅದಕ್ಕಿಂತ ಹೆಚ್ಚು ಬಿಗಿದರೆ ರಾಟೆಯ ಅಚ್ಚುಗಳು ಸವೆಯುತ್ತವೆ. ಅಷ್ಟಾದರೂ ಸ್ಪಿಂಡಲ್ ಜಾರಿದರೆ ರೋಸಿನ್ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಸ್ಪಿಂಡಲಿಗೆ ಮಾತ್ರ ಸವರುವುದುಂಟು. ಇದಕ್ಕೆ ಅದರ ಅಗತ್ಯ ಬೀಳಲಿಲ್ಲ.

ಮುಳ್ಳನ್ನು ಮೊದಲು ತಾತ್ಕಾಲಿಕವಾಗಿ ಸಿಕ್ಕಿಸಿ, ಪ್ಲಾಸ್ಟಿಕ್ ಬಿರಡೆ ಹಾಕಿದ ಮೇಲೆಯೇ ವಿದ್ಯುತ್ ಕೊಟ್ಟೆ. ಇದರ ಡಯಲಿನಲ್ಲಿ ಮಧ್ಯಮ ತರಂಗವನ್ನು ಮೀಟರುಗಳಲ್ಲಿ ಗುರುತಿಸಲಾಗಿದೆ. 3,00,000ವನ್ನು ಕಿಲೋಹರ್ಟ್ಸಿನಿಂದ ಭಾಗಿಸಿದರೆ ಮೀಟರ್ ಸಿಗುತ್ತದೆ: ಮಂಗಳೂರು ಆಕಾಶವಾಣಿಯ 1089 ಎಂದರೆ 275 ಮೀಟರ್, ಧಾರವಾಡದ 765 ಎಂದರೆ 392, ಬೆಂಗಳೂರಿನ 612 ಎಂದರೆ 490. ಪಟ್ಟಿಯ ಬೇರೆ ಬೇರೆ ಭಾಗಗಳಲ್ಲಿ ಮುಳ್ಳನ್ನು ಪರೀಕ್ಷಿಸಲು ಇಂಥ ಗುರುತುಗಳೇ ಸಾಕು. ಎಲ್ಲೆಡೆಯೂ ಒಂದೇ ದಿಕ್ಕಿಗೆ, ಒಂದೇ ಅಂತರದಷ್ಟು ವ್ಯತ್ಯಾಸ ಕಂಡರೆ ಮುಳ್ಳನ್ನು ದಾರದ ಮೇಲೆ ಅಷ್ಟು ಸರಿಸಿದರಾಯಿತು. ಒಂದು ತುದಿ ಸರಿಯಿದ್ದು ಇನ್ನೊಂದು ತಪ್ಪಿದರೆ ಅದು ದಾರದ ದೋಷವಲ್ಲ, ನಿಲಯದ ಸ್ಥಾನ ಹೊಂದಿಸುವ ಟ್ರಿಮ್ಮರ್ ಅಥವಾ ಕಾಯಿಲಿನದು. ಹಾಗೆಂದು ಮುಳ್ಳಿನ ತಪ್ಪನ್ನು ಮುಚ್ಚಲು ಟ್ರಿಮ್ಮರ್ ತಿರುಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಮುಂದೆ ಆ ಸೆಟ್ಟನ್ನು ತೆರೆಯುವವನಿಗೆ ಎರಡು ತಪ್ಪುಗಳನ್ನು ಬಿಡಿಸುವ ಕೆಲಸ ಬೀಳುತ್ತದೆ. ಇಲ್ಲಿ ಮುಳ್ಳು ಎಲ್ಲೆಡೆ ಸುಮಾರು 3 ಮಿಲಿಮೀಟರ್ ಎಡಕ್ಕಿತ್ತು. ಪ್ಲಗ್ ಕಳಚಿ, ಅದನ್ನು ಸರಿಸಿ, ಹಿಡಿಕೆಗೆ ಉಗುರುಬಣ್ಣ ಹಚ್ಚಿದೆ.

ದಾರದ ದಾರಿಯ ನಕ್ಷೆ, ಅದರ ಉದ್ದ ಮತ್ತು ಸ್ಪಿಂಡಲಿನ ಸುತ್ತಿನ ದಿಕ್ಕನ್ನು ಶಾಯಿಯಲ್ಲಿ ಬರೆದು, ಆ ಕಾಗದವನ್ನು ಹಿಂಬದಿಯ ಹಲಗೆಯ ಒಳಮೈಗೆ, ವಾಲ್ವುಗಳ ಬಿಸಿ ತಗುಲದ ಕೆಳಮೂಲೆಯಲ್ಲಿ ಅಂಟಿಸಿ ಸೆಟ್ಟನ್ನು ಮುಚ್ಚಿದೆ.